ಸೋಮವಾರ ಬಾಗಿಲು ಹಾಕುವ ಮನೆ

ನನಗೆ ಆಗ ಅರವತ್ತೊಂಬತ್ತು. ಇದು ನಾಲ್ಕು ವರ್ಷದ ಹಿಂದಿನ ಮಾತು. ನನ್ನ ವಾರಗಿತ್ತಿಗೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಗೆ, ಎಪ್ಪತ್ತಮೂರೋ ನಾಲ್ಕೋ. ಅವಳಿಗೇ ಸರಿಯಾಗಿ ಗೊತ್ತಿಲ್ಲ. ಕಣಕಟ್ಟೆ ಹತ್ತಿರ ನಮ್ಮದು ತೆಂಗಿನ ತೋಟ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದೆವು. ಒಂದೇ ಒಲೆಯಲ್ಲಿ ಬೇಯಿಸಿದೆವು, ಒಲೆ ಮುಂದೆಯೇ ಜಗಳ ಆಡಿದೆವು. ಗಂಡಂದಿರು ಹೋದರು. ಜಗಳ ಈಗಲೂ ನಡೆಯುತ್ತಿದೆ.

ನನ್ನ ಮೊಮ್ಮಗಳು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಳು. ರಜೆಗೆ ಬಂದವಳು ಅಲ್ಲೊಂದು ಹಳೆಯ ಮನೆ ನೋಡಿ ಬಂದದ್ದನ್ನು ಹೇಳಿದಳು. ಹಿಂದೆ ಯಾರೋ ದೊಡ್ಡ ಅಧಿಕಾರಿ ಕಟ್ಟಿಸಿದ್ದಂತೆ. ಈಗ ಅಲ್ಲಿ ಯಾರೂ ವಾಸವಿಲ್ಲವಂತೆ. ಮಂಚ, ತೊಟ್ಟಿಲು, ಒಲೆ, ಬೀಸುವ ಕಲ್ಲು ಎಲ್ಲವನ್ನೂ ಇದ್ದ ಹಾಗೇ ಇಟ್ಟು, ದಿನಾ ಗುಡಿಸಿ ಒರೆಸಿ, ಬಂದವರಿಗೆ ಟಿಕೆಟ್ ಕೊಟ್ಟು ತೋರಿಸುತ್ತಾರಂತೆ. ಮನೆಯೇ ಮ್ಯೂಸಿಯಂ ಅಂದಳು.

ನನಗೆ ನಗು ಬಂತು. ನಾನು ಹುಟ್ಟಿದ್ದು ಹಳೇಬೀಡಿನ ಪಕ್ಕದ ಮಾದಿಹಳ್ಳಿ. ಎಲ್ಲೆಲ್ಲಿಯವರೋ ಬಸ್ಸಿನಿಂದಿಳಿದು ನಮ್ಮೂರ ಕಡೆಯ ಕಲ್ಲನ್ನು ಕತ್ತೆತ್ತಿ ನೋಡುತ್ತ ನಿಲ್ಲುವುದನ್ನು ಕಂಡೇ ಬೆಳೆದವಳು. ಕಲ್ಲಿನಲ್ಲಾದರೂ ಕೆತ್ತನೆ ಇದೆ. ಇನ್ನೊಬ್ಬರ ಬೀಸುವ ಕಲ್ಲಿನಲ್ಲಿ ಏನಿದೆ ನೋಡಲಿಕ್ಕೆ? ನಮ್ಮ ಹಿತ್ತಲಲ್ಲೂ ಒಂದು ಬಿದ್ದಿದೆ.

ವಾರಗಿತ್ತಿ ನಗಲಿಲ್ಲ. ಹುಡುಗಿಯನ್ನು ಕೇಳಿದಳು:

“ಅಲ್ಲಿಗೆ ಹೋದೋರಿಗೆ ಯಾರೂ ಕೆಲ್ಸ ಹೇಳಾಕಿಲ್ವೇನೇ?”

“ಯಾರ್ ಹೇಳ್ತಾರೆ ದೊಡ್ಡಜ್ಜಿ? ಸುಮ್ನೆ ಎಲ್ಲಾ ರೂಮ್ ನೋಡ್ಕೊಂಡು ಬರೋದಷ್ಟೇ.”

“ಹಂಗಾದ್ರೆ ನಾನು ಬತ್ತೀನಿ. ನನ್ ಜನ್ಮದಾಗೆ ಯಾರ ಮನೇಗೆ ಹೋದ್ರೂ ಎರಡ್ನೇ ಮಾತಿಗೆ ಈಳಿಗೆಮಣೆ ಮುಂದಕ್ಕೆ ತಳ್ತಾರೆ.”

ಅದು ಸುಳ್ಳಲ್ಲ. ಅವಳ ಕೈ ಚುರುಕು. ಮದುವೆ ಇರಲಿ, ತಿಥಿ ಇರಲಿ, ನಾಮಕರಣ ಇರಲಿ, ಇವಳು ಕಾಲು ತೊಳೆದುಕೊಳ್ಳುವುದರೊಳಗೆ ಮುಂದೆ ಕುಂಬಳಕಾಯಿ ಇರುತ್ತಿತ್ತು. ನಡುಮನೆ ಹೇಗಿತ್ತು, ಮಹಡಿ ಇತ್ತೋ ಇಲ್ಲವೋ ಅವಳು ನೋಡುತ್ತಿರಲಿಲ್ಲ. ಯಾರ ಮನೆಯ ಸುದ್ದಿ ಕೇಳಿದರೂ ಅಡಿಗೆಮನೆಯ ಸುದ್ದಿಯನ್ನೇ ಹೇಳುತ್ತಿದ್ದಳು.

ಅವಸರ ಬಿದ್ದದ್ದು ಅವಳ ಮಂಡಿಯ ದೆಸೆಯಿಂದ. ಹಾಸನದಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ತಿಂಗಳುಗಟ್ಟಲೆ ಓಡಾಟವಿಲ್ಲ. ಚಾಕು ಅಂದರೆ ಅವಳಿಗೆ ಭಯ. ಕೊಯ್ಯಿಸಿಕೊಳ್ಳುವುದಕ್ಕೆ ಮುಂಚೆ ಆ ಮನೆಯಲ್ಲಿ ಒಂದು ಸುತ್ತು ಬರಬೇಕು, ಆಮೇಲೆ ತನ್ನ ಕಥೆ ಏನೋ ಎಂತೋ ಎಂದು ಶುರುಮಾಡಿದಳು. ಕೊಯ್ಯುವುದು ಮಂಡಿಯನ್ನು, ಕುತ್ತಿಗೆಯನ್ನಲ್ಲ ಎಂದು ನಾನು ಹೇಳಿದೆ. ಆದರೂ ಕರೆದುಕೊಂಡು ಹೋಗುವುದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿದೆ. ಅವಳು ಏನನ್ನೂ ಬೇಕು ಅಂದವಳಲ್ಲ. ಅದೊಂದು ಅವಳ ದೊಡ್ಡ ಕೆಟ್ಟ ಗುಣ.

ಆಸ್ಪತ್ರೆ ಸೇರುವುದು ಮಂಗಳವಾರ. ಹಾಗಾಗಿ ಅದರ ಹಿಂದಿನ ದಿನ, ಸೋಮವಾರ, ಹೋಗುವುದೆಂದು ಆಯಿತು. ಯಾರೂ ಕೂತು ಯೋಚಿಸಿದ್ದಲ್ಲ. ಸೋಮವಾರ ಶಿವನ ವಾರ, ಬಸವಣ್ಣನಿಗೆ ಬಿಡುವು. ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಈಗ ಎತ್ತು ಇರುವ ಮನೆಯೇ ಕಡಿಮೆ, ಆದರೂ ಸೋಮವಾರ ಟ್ರ್ಯಾಕ್ಟರನ್ನೂ ಹೊರಗೆ ತೆಗೆಯದವರಿದ್ದಾರೆ. ನಮ್ಮ ಕಡೆ ನೆಂಟರ ಮನೆಗೆ, ದೇವಸ್ಥಾನಕ್ಕೆ, ಹೆಣ್ಣು ನೋಡುವುದಕ್ಕೆ, ಎಲ್ಲಕ್ಕೂ ಸೋಮವಾರವೇ. ಹಳೇಬೀಡಿನ ಗುಡಿಯಲ್ಲೂ ಸೋಮವಾರ ಹೆಚ್ಚು ಜನ. ಹಾಗಿರುವಾಗ ನೋಡುವ ಮನೆಗೆ ಇನ್ನಾವ ದಿನ ಹೋಗುತ್ತಾರೆ?

ಸುದ್ದಿ ಬೀದಿಗೆ ಬಿತ್ತು. ನಾನೂ ಬರುತ್ತೇನೆ, ನಾನೂ ಬರುತ್ತೇನೆ ಎಂದು ಒಂದು ವ್ಯಾನು ತುಂಬುವಷ್ಟು ಹೆಂಗಸರಾದರು. ನನ್ನ ಮಗ ವ್ಯಾನು ಗೊತ್ತು ಮಾಡಿದ. ದೊಡ್ಡಮ್ಮ ಮಾತ್ರ ಬೇಡ, ಆ ಮನೆಗೆ ಮಹಡಿ ಇದೆಯಂತೆ, ಹತ್ತಲಾರಳು ಅಂದ. ಸರಿ, ಮಾದಿಹಳ್ಳಿಯಲ್ಲಿರುವ ನನ್ನ ತಮ್ಮನ ಮನೆಗೆ ಹೋದಾಗ ಅವಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ ಗುಡಿಯ ಜಗತಿ ಕಟ್ಟೆಯ ಮೆಟ್ಟಿಲು ಹತ್ತಿಸಿದೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಬೈದಳು, ಎಲ್ಲ ನನಗೇ. ಆದರೆ ಹತ್ತಿದಳು. ಫೋಟೋ ತೆಗೆಸಿ ಮಗನಿಗೆ ತೋರಿಸಿದೆ. ವ್ಯಾನಿನಲ್ಲಿ ಅವಳಿಗೂ ಒಂದು ಸೀಟು ಹೇಳಿದ.

ಆಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂಬ ಮಾತು ಬಂತು. ಮೊದಲ ಸಲ ಒಂದು ಮನೆ ಹೊಗುವಾಗ ಕಾಯಿ, ಬಾಳೆಹಣ್ಣು ಇಲ್ಲದಿದ್ದರೆ ಆದೀತೇ? ಅದೂ ತೆಂಗಿನ ಸೀಮೆಯವರು. ವಾರಗಿತ್ತಿ ಗಾತ್ರದ ಕಾಯಿ ಆರಿಸಿ ಜುಟ್ಟು ಬಿಟ್ಟು ಸುಲಿದು ಮೂಲೆಯಲ್ಲಿಟ್ಟಳು. ಅಲ್ಲಿ ತೆಗೆದುಕೊಳ್ಳುವವರೇ ಇಲ್ಲ, ಚೀಲವನ್ನೇ ಒಳಗೆ ಬಿಡುವುದಿಲ್ಲ ಎಂದು ಮೊಮ್ಮಗಳು ಫೋನಿನಲ್ಲಿ ಹೇಳಿದಳು. ಗುಡಿಸಿ ಒರೆಸುವವಳು ಒಬ್ಬಳು ಇರುತ್ತಾಳಲ್ಲ, ಅವಳ ಮಡಿಲಿಗೆ ಹಾಕುತ್ತೇನೆ ಎಂದು ಇವಳ ಹಟ. ಊಟದ್ದೂ ಹೀಗೇ. ಒಬ್ಬಳು ಚಿತ್ರಾನ್ನ ಅಂದಳು, ಇನ್ನೊಬ್ಬಳು ರೊಟ್ಟಿ ಅಂದಳು, ಮೊಸರನ್ನ ದಾರಿಯಲ್ಲಿ ಹುಳಿಯಾಗುತ್ತದೆ ಎಂದು ಮತ್ತೊಬ್ಬಳು. ಎಷ್ಟೋ ಸಂಜೆ ನಮ್ಮ ಜಗಲಿಯಲ್ಲಿ ಇದೇ ಮಾತು, ಇದೇ ನಗು. ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳ ಫೋನು ಬಂತು.

“ಅಜ್ಜಿ, ಆ ಮನೆ ಸೋಮವಾರ ಕ್ಲೋಸ್ ಅಂತೆ. ನಾನೂ ನೋಡ್ಕೊಂಡಿರ್ಲಿಲ್ಲ. ವಾರವಾರ ರಜಾ ಅಂತೆ.”

ಮನೆಗೆ ರಜಾ! ಮನೆ ಅಂದ ಮೇಲೆ ಅದಕ್ಕೊಂದು ರಜಾ ಉಂಟೇ ಎಂದು ನಾನು ಅವಳ ಮೇಲೆಯೇ ರೇಗಿದೆ. ಆಮೇಲೆ ಲೆಕ್ಕ ಹಾಕಿದರೆ ಉಳಿದದ್ದು ಭಾನುವಾರ ಒಂದೇ, ಅಂದರೆ ಮಾರನೆಯ ದಿನ. ಮಾರನೆಯ ದಿನ ಗಂಡಸಿ ಅನ್ನುವ ಊರಿನಲ್ಲಿ ಮದುವೆ. ಹುಡುಗಿ ನಮ್ಮ ಹತ್ತಿರದ ನೆಂಟರ ಮನೆಯವಳು, ಬೀದಿಗೆ ಬೀದಿಯೇ ಹೋಗಬೇಕು. ನಾವು ಗೊತ್ತು ಮಾಡಿದ್ದ ವ್ಯಾನೇ ಆ ಮದುವೆಗೂ ಹೋಗುವುದಿತ್ತು. ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು, ಆಪರೇಷನ್ ಆದಮೇಲೆ ಯಾವಾಗಲಾದರೂ ಹೋದರಾಯಿತು ಎಂದು ಹೇಳಿ ಹೋದರು.

ವಾರಗಿತ್ತಿ ಹೂಂ ಅಂದಳು. ಮೂಲೆಯಲ್ಲಿದ್ದ ಕಾಯಿ ಎತ್ತಿ ಸಾರಿಗೆ ಒಡೆಯಲು ಹೋದಳು. ಕಾಯಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ.

“ನಾಳೆ ನಾವಿಬ್ರೂ ಮೈಸೂರಿಗೆ ಹೋಗಾನ ಕಣಕ್ಕ.”

“ಮದುವೆ?”

“ನಾವ್ ಹೋಗ್ದಿದ್ರೆ ತಾಳಿ ಕಟ್ಟಾಕಿಲ್ವಾ? ಅಲ್ಲಿ ನಿಂಗೆ ಏನ್ ಕಾದೈತೆ ಅಂತ ಗೊತ್ತಲ್ಲ. ಸೌತೇಕಾಯಿ.”

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮಗ ಎದ್ದು ನಿಂತ. ಮನೆಯ ಹಿರಿಯರಿಬ್ಬರೂ ಇಲ್ಲದಿದ್ದರೆ ಹೆಣ್ಣಿನ ಕಡೆಯವರು ಏನಂದುಕೊಳ್ಳುತ್ತಾರೆ, ಏನು ಹೇಳಲಿ ಎಂದು ಕೇಳಿದ. ಇದ್ದದ್ದನ್ನೇ ಹೇಳು ಅಂದೆ. ಇಬ್ಬರು ಮುದುಕಿಯರು ಮನೆ ನೋಡುವುದಕ್ಕೆ ಹೋದರು, ಮುಯ್ಯಿ ನನ್ನ ಕೈಯಲ್ಲಿ ಕಳಿಸಿದ್ದಾರೆ ಎನ್ನು.

“ಜನ ಆಡ್ಕೊಂತಾರೆ ಕಣವ್ವ.”

“ಆಡ್ಕೊಳ್ಳಿ. ಮದುವೇಲಿ ಊಟ ಆದ್ಮೇಲೆ ಅವರಿಗೂ ಮಾತು ಬೇಕಲ್ಲ.”

ಅವನಿಗೂ ನಗು ಬಂತು. ರೈಲಿನಲ್ಲಿ ಹೋಗಿ, ಕೂರುವುದಕ್ಕೆ ಹಾಯಾಗಿರುತ್ತದೆ ಎಂದು ತಾನೇ ಹೇಳಿದ. ಮೊಮ್ಮಗಳಿಗೆ ಫೋನು ಮಾಡಿ ಮೈಸೂರು ಸ್ಟೇಷನ್ನಿನಲ್ಲಿ ನಿಂತಿರು ಎಂದು ಹೇಳಿದ. ನಾನು ದಾರಿಯ ಬುತ್ತಿಗೆ ಅಕ್ಕಿ ತೊಳೆದೆ.

ಆ ಮನೆ ಹೇಗಿತ್ತು ಎಂದು ನಾನು ಬರೆಯುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಕಂಬ ಕಮಾನು ಬಣ್ಣಿಸುವುದು ನನ್ನಿಂದಾಗದು. ನೋಡಬೇಕಾದವರು ಹೋಗಿ ನೋಡಬಹುದು, ಸೋಮವಾರ ಒಂದು ಬಿಟ್ಟು. ಆಪರೇಷನ್ನೂ ಆಯಿತು. ಈಗ ಅವಳ ಮಂಡಿ ನನ್ನದಕ್ಕಿಂತ ಚೆನ್ನಾಗಿದೆ, ಅದನ್ನು ದಿನಾ ಹೇಳುತ್ತಾಳೆ.

ಆ ಭಾನುವಾರ ಬೆಳಿಗ್ಗೆ ನಮ್ಮ ಕೊಬ್ಬರಿ ಸಾಗಿಸುವವನ ಲಗೇಜ್ ಆಟೋದ ಹಿಂದೆ ಚಾಪೆ ಹಾಸಿ ಅವಳನ್ನು ಕೂರಿಸಿ ಅರಸೀಕೆರೆಗೆ ಹೊರಟೆ. ಬೀದಿಯವರು ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟು ನಿಂತಿದ್ದರು. ವಾರಗಿತ್ತಿ ಅವರ ಕಡೆ ಕೈ ಬೀಸಿದಳು, ಮಂತ್ರಿ ಬೀಸಿದ ಹಾಗೆ. ಸ್ಟೇಷನ್ನಿನಲ್ಲಿ ರೈಲಿನ ಮೆಟ್ಟಿಲು ಎತ್ತರವಾಗಿತ್ತು. ಅವಳು ಕಂಬಿ ಹಿಡಿದಳು, ನಾನು ಕೆಳಗೆ ನಿಂತು ಸೊಂಟಕ್ಕೆ ಭುಜ ಕೊಟ್ಟು ತಳ್ಳಿದೆ. ಮೇಲಿದ್ದ ಯಾರೋ ಹೆಣ್ಣುಮಗಳು ಕೈ ಕೊಟ್ಟಳು. ಹತ್ತಿದ ಮೇಲೆ ಅವಳು ಉಸಿರು ತೆಗೆದುಕೊಳ್ಳುತ್ತ ನಿಂತಿದ್ದಾಗ ನಾನು ಹೋಗಿ ಕಿಟಕಿ ಪಕ್ಕದ ಜಾಗ ಹಿಡಿದೆ. ಏಳೇ ಆ ಕಡೆ, ಮಂಡಿ ನೋವಿನೋಳು ನಾನು ಅಂದಳು. ನಾನು ಏಳಲಿಲ್ಲ.