ಯಗಟಿ ಓ ಎನ್ನಲಿಲ್ಲ

ಬೆಳಿಗ್ಗೆ ಹತ್ತು ಗಂಟೆಗೆ ಹಾಜರಿ ಕೂಗದಿದ್ದರೆ ನನಗೆ ಆ ದಿನ ಶುರುವಾದಂತೆಯೇ ಅನ್ನಿಸುವುದಿಲ್ಲ. ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದವನ ಚಟ ಇದು. ನಿವೃತ್ತಿಯ ದಿನ ಶಾಲೆಯವರು ಬೀರುವಿನ ಬೀಗದ ಕೈ ವಾಪಸು ತೆಗೆದುಕೊಂಡರು, ಚಟವನ್ನು ತೆಗೆದುಕೊಳ್ಳಲಿಲ್ಲ. ಮನೆಯಲ್ಲೇ ಕೂಗೋಣವೆಂದರೆ ಓ ಎನ್ನಲು ಇರುವವಳು ಹೆಂಡತಿ ಒಬ್ಬಳೇ. ಎರಡು ದಿನ ‘ಗಿರಿಜಾ’ ಎಂದು ಕರೆದು ನೋಡಿದೆ. ಏನು ಕೆಲಸ ಎಂದು ಕೇಳಿದಳು. ಏನಿಲ್ಲ, ಇದ್ದೀಯಾ ಅಂತ ನೋಡಿದೆ ಎಂದೆ. ಮೂರನೆಯ ದಿನ ನನ್ನ ಕೈಗೆ ತರಕಾರಿ ಚೀಲ ಬಂತು.

ಈಗ ಕೂಗಲು ಐದು ಹೆಸರುಗಳಿವೆ: ತರೀಕೆರೆ, ಅಜ್ಜಂಪುರ, ಸಖರಾಯಪಟ್ಟಣ, ಯಗಟಿ, ಅಂತರಘಟ್ಟೆ. ನಮ್ಮ ಕಡೆಯ ಕೆಲವರು ಸಮಿತಿ ಮಾಡಿಕೊಂಡು ನಡೆಸುವ ವಾಚನಾಲಯಗಳು ಇವು. ಒಂದೊಂದರಲ್ಲೂ ನಾಲ್ಕು ಪತ್ರಿಕೆ, ಎರಡು ಬೀರು ಪುಸ್ತಕ, ಒಂದು ಕಂಪ್ಯೂಟರು, ಒಂದು ಪ್ರಿಂಟರು. ಕಂಪ್ಯೂಟರುಗಳನ್ನೆಲ್ಲ ಒಂದೇ ಜಾಲಕ್ಕೆ ಪೋಣಿಸಿ, ಅವುಗಳ ಯೋಗಕ್ಷೇಮ ನೋಡಿಕೊಳ್ಳಲು ಕಡೂರಿನ ವಾಚನಾಲಯದಲ್ಲಿ ನನ್ನನ್ನು ಕೂರಿಸಿದ್ದಾರೆ. ಸಂಬಳ ಇಲ್ಲ, ಕುರ್ಚಿ ಇದೆ. ಮೇಷ್ಟ್ರಾದವನಿಗೆ ಕುರ್ಚಿಯೇ ದೊಡ್ಡದು ನೋಡಿ.

ಯೋಗಕ್ಷೇಮ ವಿಚಾರಿಸುವ ಕ್ರಮಕ್ಕೆ ಪಿಂಗ್ ಎಂದು ಹೆಸರು. ಜಲಾಂತರ್ಗಾಮಿಗಳು ಸಮುದ್ರದೊಳಗೆ ಟಿಣ್ ಎಂದು ಸದ್ದು ಬಿಟ್ಟು, ಅದು ಎದುರಿಗಿದ್ದುದಕ್ಕೆ ಬಡಿದು ಮರಳಿ ಬರುವುದನ್ನು ಕಾಯುತ್ತವಂತೆ. ಆ ಸದ್ದೇ ಹೆಸರಾಯಿತು. ಸಮುದ್ರಕ್ಕೂ ಕಡೂರಿಗೂ ಏನು ಸಂಬಂಧವೋ, ನಾನಂತೂ ಕಪ್ಪು ಪರದೆಯ ಮುಂದೆ ಕೂತು ಒಂದೊಂದೇ ಕಂಪ್ಯೂಟರಿನ ಸಂಖ್ಯೆ ಒತ್ತಿ ಟಿಣ್ ಎನ್ನಿಸುತ್ತೇನೆ. ಯಂತ್ರ ನಾಲ್ಕು ಸಲ ಕರೆಯುತ್ತದೆ. ಆ ಕಡೆ ಜೀವವಿದ್ದರೆ ನಾಲ್ಕು ಸಲ ಉತ್ತರ ಬರುತ್ತದೆ, ಎಷ್ಟು ಮಿಲಿಸೆಕೆಂಡಿನಲ್ಲಿ ಬಂತು ಎಂಬ ವಿವರದೊಂದಿಗೆ. ಇಲ್ಲದಿದ್ದರೆ ಸಮಯ ಮೀರಿತು ಎಂಬ ಒಂದು ಒಣ ಸಾಲು.

ಒಮ್ಮೆ ಹುಮ್ಮಸ್ಸಿಗೆ ಬಂದು ಒಂದರಿಂದ ಇನ್ನೂರೈವತ್ತನಾಲ್ಕರವರೆಗೆ ಜಾಲದ ಅಷ್ಟೂ ಸಂಖ್ಯೆಗಳನ್ನು ಸಾಲಾಗಿ ಕೂಗಿಸಿದೆ. ಗೊತ್ತಿದ್ದವರೆಲ್ಲ ಓ ಎಂದರು. ಜೊತೆಗೆ ಎಪ್ಪತ್ತೇಳನೆಯ ಸಂಖ್ಯೆಯಲ್ಲಿ ಪರಿಚಯವಿಲ್ಲದವರೊಬ್ಬರು ಬಲು ಚುರುಕಾಗಿ ಓ ಎಂದರು. ಯಾರೋ ಕಳ್ಳರು ನುಗ್ಗಿದ್ದಾರೆಂದು ಬೆವೆತು ವಿಚಾರಿಸಿದರೆ ಅದು ತರೀಕೆರೆಯ ಪ್ರಿಂಟರು. ಪಾಪ, ಯಾರೂ ಹೆಸರು ಹಿಡಿದು ಕರೆದಿರಲಿಲ್ಲ, ಅವಕಾಶಕ್ಕೆ ಕಾದಿತ್ತು. ಅಂದಿನಿಂದ ಅದನ್ನೂ ಹಾಜರಿಗೆ ಸೇರಿಸಿಕೊಂಡಿದ್ದೇನೆ.

ದಿನಾ ಕರೆದೂ ಕರೆದೂ ಒಂದೊಂದರ ಸ್ವಭಾವವೂ ನನಗೆ ಬಾಯಿಪಾಠವಾಗಿದೆ. ಸಖರಾಯಪಟ್ಟಣ ಮುಂದಿನ ಬೆಂಚಿನ ಹುಡುಗಿ, ಕರೆಯುವುದೇ ತಡ. ಅಜ್ಜಂಪುರ ಮೊದಲ ಕರೆಗೆ ಯಾವತ್ತೂ ಓ ಎಂದದ್ದಿಲ್ಲ, ಎರಡನೆಯದಕ್ಕೆ ಮೈಮುರಿದು ಏಳುತ್ತದೆ. ಅಂತರಘಟ್ಟೆಯದು ಕರೆಂಟಿನ ಮರ್ಜಿ. ನಗಬೇಡಿ, ತಂತಿಯ ಆ ತುದಿಯಲ್ಲಿ ಒಬ್ಬರು ಇದ್ದಾರೆ ಎಂದು ಗೊತ್ತಾಗುವುದರಲ್ಲಿ ಒಂದು ಸುಖವಿದೆ. ಐದೂ ಓ ಎಂದ ದಿನ ನಾನು ಎರಡನೆಯ ಕಾಫಿ ಕುಡಿಯುತ್ತೇನೆ.

ಇಂಥದ್ದರಲ್ಲಿ ಸಮಿತಿಯ ಅಧ್ಯಕ್ಷರು, ತರೀಕೆರೆಯ ಜವಳಿ ಅಂಗಡಿಯ ಓಂಕಾರಪ್ಪನವರು, ಫೋನು ಮಾಡಿದರು. ತರೀಕೆರೆಯಲ್ಲಿ ಒಂದು ಕಂಪ್ಯೂಟರು ಸಾಲುತ್ತಿಲ್ಲ, ಹೊಸದು ಕೊಳ್ಳುವ ಯೋಗ್ಯತೆ ಇಲ್ಲ. ಎಲ್ಲಿ ಸುಮ್ಮನೆ ಕೂತಿದೆಯೋ ಅಲ್ಲಿಂದ ಎತ್ತಿ ತರುವುದು, ಯಾವುದು ಜೀವಂತ, ಯಾವುದು ಯಾರೂ ಮುಟ್ಟದೆ ಸತ್ತಂತೆ ಬಿದ್ದಿದೆ ಎಂದು ಒಂದು ವಾರ ನೋಡಿ ಪಟ್ಟಿ ಕೊಡಿ ಎಂದರು. ಪಟ್ಟಿ ಎಂದರೆ ನನಗೆ ಹಬ್ಬ. ಸ್ಕೇಲು ಹಿಡಿದು ಗೆರೆ ಎಳೆದೆ.

ಆ ವಾರ ಯಗಟಿ ಓ ಎನ್ನಲಿಲ್ಲ. ಸೋಮವಾರ ಇಲ್ಲ, ಮಂಗಳವಾರ ಇಲ್ಲ, ಗುರುವಾರದವರೆಗೂ ಅದೇ ಒಣ ಸಾಲು. ಯಗಟಿಯ ವಾಚನಾಲಯ ನೋಡಿಕೊಳ್ಳುವಾಕೆ ಹಾಲಮ್ಮ. ನಲವತ್ತು ದಾಟಿದ ಮೇಲೆ, ಕೀಲಿಮಣೆಯ ಮೇಲೆ ಎರಡೇ ಬೆರಳು ಓಡಿಸಿಕೊಂಡು ಕಂಪ್ಯೂಟರು ಕಲಿತ ಹೆಂಗಸು. ಕಲಿಸಿದವನು ನಾನೇ. ಅಲ್ಲಿಗೆ ಜನ ಬರುವುದೇ ಪಹಣಿ, ಅರ್ಜಿ, ಪರೀಕ್ಷೆಯ ಫಲಿತಾಂಶಕ್ಕೆ. ಕಂಪ್ಯೂಟರು ಹೋದರೆ ವಾಚನಾಲಯಕ್ಕೆ ಬೀಗ, ಹಾಲಮ್ಮನ ಕೆಲಸಕ್ಕೂ ಅಲ್ಲಿಗೆ ಮಂಗಳ. ಇದೆಲ್ಲ ಗೊತ್ತಿದ್ದೂ ನಾನು ಯಗಟಿಯ ಮುಂದೆ ‘ಸತ್ತಿದೆ’ ಎಂದು ಬರೆದೆ. ಒಂದು ಫೋನು ಮಾಡಲಿಲ್ಲ. ಮನುಷ್ಯರನ್ನು ಕೇಳಿದರೆ ನೂರು ನೆಪ ಹೇಳುತ್ತಾರೆ, ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ಜಂಬ ನನಗೆ. ಬೆಂಚಿನಲ್ಲಿ ಕಣ್ಣೆದುರೇ ಕೂತ ಹುಡುಗರಿಗೂ ಓ ಎನ್ನಲಿಲ್ಲವೆಂದು ಗೈರುಹಾಜರಿ ಹಾಕಿದ ಮಹಾನುಭಾವ ನಾನು.

ಪಟ್ಟಿ ಕೈಸೇರಿದ್ದೇ ತಡ, ಶನಿವಾರ ತರೀಕೆರೆಯಲ್ಲಿ ಸಭೆ, ಸೋಮವಾರ ಯಗಟಿಗೆ ಗಾಡಿ ಎಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಹಾಲಮ್ಮನಿಂದ ಒಪ್ಪಿಗೆಯ ಕಾಗದಕ್ಕೆ ರುಜು ತರುವ ಕೆಲಸ ನನ್ನ ಪಾಲಿಗೆ ಬಂತು. ಶುಕ್ರವಾರ ಬಸ್ಸು ಹತ್ತಿ ಯಗಟಿಯಲ್ಲಿ ಇಳಿದರೆ ವಾಚನಾಲಯದ ಜಗಲಿಯ ತುಂಬ ಜನ. ಕಂಬಳಿ ಹೊದ್ದ ಕುರಿಯವರೊಬ್ಬರು ಪಹಣಿಗೆ ಕಾದಿದ್ದರು. ಒಳಗೆ ಪ್ರಿಂಟರು ಕರಕರ ಎನ್ನುತ್ತಿತ್ತು. ಸತ್ತ ಕಂಪ್ಯೂಟರಿನ ಮುಂದೆ ಹಾಲಮ್ಮ ಎರಡು ಬೆರಳಿನಲ್ಲಿ ಟಕಟಕ ಹೊಡೆಯುತ್ತಿದ್ದರು. ತಲೆ ಎತ್ತಿ, ಕೂತ್ಕಳಿ ಮೇಷ್ಟ್ರೇ, ಇವರದೊಂದು ಮುಗಿಸಿ ಬತ್ತೀನಿ ಎಂದರು. ಚೀಲದಲ್ಲಿ ಆ ಕಾಗದ ಇಟ್ಟುಕೊಂಡು ಅರ್ಧ ಗಂಟೆ ಕೂತೆ.

ಜನ ಕರಗಿದ ಮೇಲೆ, ವಾರದಿಂದ ನಿಮ್ಮ ಕಂಪ್ಯೂಟರು ನನಗೆ ಓ ಅಂತಿಲ್ಲವಲ್ಲ ಎಂದು ಕೇಳಿದೆ. ಹಾಲಮ್ಮನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

“ಹೋದ ವಾರ ಅದೇನೋ ಹೊಸದು ಹಾಕ್ಕಂಡು ಎದ್ದು, ಬೇರೆ ಕಂಪ್ಯೂಟರ್‌ಗಳಿಗೆ ನಾನು ಕಾಣಿಸ್ಬೇಕಾ ಬೇಡ್ವಾ ಅಂತ ಕೇಳ್ತು ಮೇಷ್ಟ್ರೇ. ಬೇಡ ಅಂತ ಒತ್ತಿದೆ. ಮುಖ ಕಾಣ್ದೋರು ಕೂಗಿದ್ರೆ ಓ ಅನ್ಬಾರ್ದು ಅಂತ ನಮ್ಮವ್ವ ಹೇಳ್ತಿದ್ಲು.”

ನಮ್ಮ ಊರುಗಳಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಹಿತ್ತಿಲಿನಿಂದ ಯಾರೋ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡುವಂತಿಲ್ಲ. ಗಾಳಿಯೋ ಮಾರಿಯೋ ಇರಬಹುದು, ಅದಕ್ಕೆ ಮತ್ತೆ ಮತ್ತೆ ಕರೆಯುವ ತಾಳ್ಮೆ ಇಲ್ಲವಂತೆ. ಮನುಷ್ಯರಾದರೆ ಬಾಗಿಲಿಗೆ ಬಂದು ಮುಖ ತೋರಿಸುತ್ತಾರೆ. ನನ್ನಜ್ಜಿಯೂ ಹೇಳುತ್ತಿದ್ದ ಮಾತೇ ಇದು. ಕಂಪ್ಯೂಟರು ಮಾಡಿದ ಮಹಾಶಯರೂ ಇದೇ ಯೋಚನೆ ಮಾಡಿ, ಗುರುತಿಲ್ಲದ ಜಾಲದಲ್ಲಿ ಕರೆಗೆ ಬಾಯಿ ಬಿಡಬೇಡ ಎಂಬ ಏರ್ಪಾಡು ಇಟ್ಟಿದ್ದಾರೆ. ಹಾಲಮ್ಮನ ಅವ್ವನಿಗೂ ಅವರಿಗೂ ಪರಿಚಯವಾಗಿದ್ದರೆ ಚೆನ್ನಾಗಿ ಮಾತಾಡಿಕೊಳ್ಳುತ್ತಿದ್ದರು. ಪಾಠ ಹೇಳಿದ ನನಗೆ ಮಾತ್ರ ಇದು ಹೊಳೆಯಲಿಲ್ಲ.

ಮುಚ್ಚಿಡಲು ಮನಸ್ಸು ಬರಲಿಲ್ಲ. ಪಟ್ಟಿ, ಗಾಡಿ, ಚೀಲದಲ್ಲಿದ್ದ ಕಾಗದ ಎಲ್ಲ ಹೇಳಿಬಿಟ್ಟೆ. ಹಾಲಮ್ಮ ಪ್ರಿಂಟರಿನ ಕಾಗದಗಳನ್ನು ತಟ್ಟಿ ಸಮ ಮಾಡಿದರು. ಸಮವಾಗಿದ್ದುದನ್ನು ಇನ್ನೊಮ್ಮೆ ತಟ್ಟಿದರು.

“ಒಂದು ಫೋನ್ ಮಾಡ್ಬೋದಿತ್ತಲ್ಲ ಮೇಷ್ಟ್ರೇ,” ಎಂದರು. “ನಾನಂತೂ ಇದ್ನಲ್ಲ.”

ಕಂಪ್ಯೂಟರಿನ ಮುಂದೆ ಕೂತು ಕರೆಗೆ ಓಗೊಡುವಂತೆ ಬದಲಾಯಿಸಲು ಹೋದರೆ ಹಾಲಮ್ಮ ತಡೆದರು. ನಿಮ್ಮದೊಂದಕ್ಕೆ ಮಾತ್ರ ಅನ್ನಲಿ, ಉಳಿದವರಿಗೆ ಯಾಕೆ ಎಂದು ಕೇಳಿದರು. ಹಾಗೂ ಮಾಡಲು ಬರುತ್ತದೆ. ಕಡೂರಿನ ನನ್ನ ಯಂತ್ರದ ಸಂಖ್ಯೆ ಒಂದಕ್ಕೆ ಮಾತ್ರ ಉತ್ತರ ಎಂದು ಬರೆದೆ. ಹೊರಡುವಾಗ ಎಂದಿನಂತೆ ಹೋಗ್ಬಿಟ್ಟು ಬನ್ನಿ ಎಂದರು, ಆದರೆ ಬಾಗಿಲವರೆಗೆ ಬರಲಿಲ್ಲ. ಬಸ್ಸಿನುದ್ದಕ್ಕೂ ನನಗೆ ಅದೇ ಕೊರೆಯುತ್ತಿತ್ತು.

ಶನಿವಾರ ತರೀಕೆರೆಯ ಸಭೆಯಲ್ಲಿ ಯಗಟಿ ಬದುಕಿದೆ ಎಂದು ಶುರುಮಾಡಿದೆ. ಓಂಕಾರಪ್ಪನವರು ಕೈಯಾರೆ ನೋಡುವ ಜಾತಿ. ಅಲ್ಲಿನ ಕಂಪ್ಯೂಟರಿನಿಂದಲೇ ಎಲ್ಲರೆದುರು ಯಗಟಿಗೆ ಪಿಂಗ್ ಕೊಡಿಸಿದರು. ನಾಲ್ಕಕ್ಕೆ ನಾಲ್ಕೂ ಮೌನ. ನಿಮ್ಮ ಪಟ್ಟಿನೇ ಸರಿ ಇದೆಯಲ್ರೀ ಮೇಷ್ಟ್ರೇ ಎಂದು ನಕ್ಕರು. ನನಗಿನ್ನು ದಾರಿ ಇರಲಿಲ್ಲ. ಅದು ನನ್ನ ಯಂತ್ರಕ್ಕೆ ಮಾತ್ರ ಓ ಎನ್ನುತ್ತದೆ, ಪಟ್ಟಿ ತಪ್ಪು, ಕಡೂರಿನ ಕುರ್ಚಿ ಬಿಟ್ಟು ಏಳದೆ ಒಬ್ಬರ ಅನ್ನಕ್ಕೆ ಗೆರೆ ಎಳೆದೆ ಎಂದು ಒಪ್ಪಿಕೊಂಡೆ. ಆಗ ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಇಟ್ಟು, ಹಾಲಮ್ಮನಿಗೆ ಮಾಡಿದೆ.

ಎತ್ತಲಿಲ್ಲ. ಮತ್ತೆ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಓಂಕಾರಪ್ಪನವರು ಕೈಗಡಿಯಾರ ನೋಡಿಕೊಂಡರು. ಮೂರನೆಯ ಸಲಕ್ಕೆ ಮೊದಲು ಕರಕರ ಸದ್ದು ಬಂತು, ಯಾರೋ ಕೆಮ್ಮಿದರು, ಆಮೇಲೆ ಹಾಲಮ್ಮನ ದನಿ.

“ಈಗ ಆಗಲ್ಲ ಮೇಷ್ಟ್ರೇ, ಹದಿನಾಲ್ಕು ಜನ ನಿಂತವ್ರೆ. ಆಮೇಲೆ ಮಾಡಿ.”

ಕಟ್ಟಾಯಿತು. ಓಂಕಾರಪ್ಪನವರು ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡರು. ಕೆಲಸ ಮಾಡೋರಿಗೆ ಓ ಅನ್ನೋಕೆ ಎಲ್ರೀ ಪುರುಸೊತ್ತು ಎಂದು, ಪೆನ್ನು ತೆಗೆದು ನನ್ನ ಪಟ್ಟಿಯಲ್ಲಿ ಯಗಟಿಯ ಮುಂದಿದ್ದ ಮಾತನ್ನು ತಾವೇ ಹೊಡೆದುಹಾಕಿದರು. ಗಾಡಿ ಹೋಗಲಿಲ್ಲ. ತರೀಕೆರೆಯ ಎರಡನೆಯ ಕಂಪ್ಯೂಟರಿಗೆ ಅವರು ಇನ್ನೂ ದಾನಿಗಳನ್ನು ಹುಡುಕುತ್ತಿದ್ದಾರೆ.

ಪಿಂಗಿನ ಕರೆಯೊಳಗೆ ಏನಿರುತ್ತದೆ ಎಂದು ಒಮ್ಮೆ ಬಿಚ್ಚಿ ನೋಡಿದ್ದೆ. ಸುದ್ದಿ ಗಿದ್ದಿ ಏನಿಲ್ಲ, ಬರೀ ಇಂಗ್ಲಿಷ್ ವರ್ಣಮಾಲೆ. ಆ ಕಡೆಯವರು ಅದೇ ಅಕ್ಷರಗಳನ್ನು ಹಾಗೇ ಹಿಂದಿರುಗಿಸುತ್ತಾರೆ. ಇಷ್ಟಕ್ಕೇನಾ ಇಷ್ಟು ಆರ್ಭಟ ಎಂದು ಆಗ ಬೇಸರಪಟ್ಟಿದ್ದೆ. ಸಭೆ ಮುಗಿದ ಮೇಲೆ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಕಡೂರಿನ ಬಸ್ಸಿಗೆ ಕಾಯುತ್ತಿದ್ದೆ, ಹಾಲಮ್ಮನೇ ಫೋನು ಮಾಡಿದರು. ಕಂಪ್ಯೂಟರು ಉಳಿಯಿತು ಎಂದು ಹೇಳಲು ಬಾಯಿ ತೆರೆದೆ. ಅವರು ಅದನ್ನು ಕೇಳಲೇ ಇಲ್ಲ. ಊಟ ಆಯ್ತಾ ಮೇಷ್ಟ್ರೇ ಎಂದರು.

ಗಂಟೆ ನಾಲ್ಕಾಗಿತ್ತು. ಆಯ್ತು ಎಂದರೆ ಮುಗಿಯುತ್ತಿತ್ತು, ಎಲ್ಲರೂ ಹಾಗೇ ಅನ್ನುವುದು, ಬಂದ ಅಕ್ಷರಗಳನ್ನು ಹಾಗೇ ಹಿಂದಿರುಗಿಸುವುದು. ಯಾಕೋ ಸುಳ್ಳು ಹೇಳಲಾಗಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೇನೂ ಇಳಿದಿಲ್ಲ, ನಿಮ್ಮ ಕಂಪ್ಯೂಟರಿನದೇ ಯೋಚನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಈ ಮೌನವನ್ನು ನಾನು ಪಟ್ಟಿಗೆ ಸೇರಿಸಲಿಲ್ಲ, ಸುಮ್ಮನೆ ಕಾದೆ.

“ಮೊದ್ಲು ಹೋಗಿ ಉಣ್ಣಿ,” ಎಂದರು ಹಾಲಮ್ಮ. “ನಾವೆಲ್ಲಿ ಹೋಗ್ತೀವಿ, ಇಲ್ಲೇ ಇರ್ತೀವಿ.”