ಪಾಠದ ಕೆಳಗಿನ ಹೆಸರು

ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು, ಬರೆದವರೇ ಒಪ್ಪುವಂತಿಲ್ಲ. ಈ ಹಾಳು ಶಿಸ್ತನ್ನು ಮನೆಯ ಕೆಲಸಕ್ಕೂ ಎಳೆದು ತಂದವಳು ನಾನೇ. ಯಾರೂ ಕೇಳಿರಲಿಲ್ಲ.

ಧಾರವಾಡದ ಕಡೆಯಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಮೇಲೆ ನನ್ನ ಮಗಳು ಹಸಿವಾದರೂ ತೆಲುಗಿನಲ್ಲೇ ಹೇಳತೊಡಗಿದ್ದಳು. ನನ್ನ ಬ್ಯಾಂಕಿನ ಶಾಖೆಯಲ್ಲೇ ಮೈಸೂರಿನವರೊಬ್ಬರು ಅಧಿಕಾರಿಯಾಗಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರ ಮಕ್ಕಳದೂ ಇದೇ ಪಾಡು. ಇಂಥ ಮಕ್ಕಳಿಗಾಗಿ ಕನ್ನಡ ಪಾಠಗಳ ವೆಬ್‌ಸೈಟ್ ಮಾಡೋಣವೆಂದು ಇಬ್ಬರೂ ಕೂತೆವು. ಅದನ್ನು ನಡೆಸುವ ಸಾಫ್ಟ್‌ವೇರ್ ಬಲು ಸರಳ. ಖಾಲಿ ಜಾಗದಲ್ಲಿ ಬರೆಯುವುದು, ಫೋಟೊ ಸೇರಿಸುವುದು, ಗುಂಡಿ ಒತ್ತುವುದು, ಪುಟ ಸಿದ್ಧ. ಆದರೆ ನನಗೆ ಬ್ಯಾಂಕಿನ ಚಾಳಿ. ನಾನು ಬರೆಯಬೇಕು, ಅಕ್ಕ ಓದಿ ಪ್ರಕಟಿಸಬೇಕು ಎಂದು ಹಟ ಹಿಡಿದೆ. ಎಲ್ಲ ಅಧಿಕಾರವನ್ನೂ ಅವರ ಹೆಸರಿಗೆ ಕೊಟ್ಟು, ನನ್ನನ್ನು ಬರೀ ಬರೆಯುವವಳೆಂದು ಸೇರಿಸಿಕೊಂಡೆ.

ಪಾಠಗಳನ್ನು ಮಾತ್ರ ಜೀವ ಸುರಿದು ಬರೆದೆ. ಪುಸ್ತಕಗಳಲ್ಲಿ ‘ಋ’ ಅಕ್ಷರಕ್ಕೆ ಗಡ್ಡದ ಋಷಿಯ ಚಿತ್ರವಿರುತ್ತದೆ. ನಮ್ಮ ಮಕ್ಕಳು ಯಾವ ಋಷಿಯನ್ನು ಕಂಡಿದ್ದಾರೆ? ನಾನು ಇಲ್ಲೇ ಊರಂಚಿನ ಋಷಿಕೊಂಡದ ಸಮುದ್ರದ ಫೋಟೊ ಹಾಕಿದೆ. ಸಿಂಹಾಚಲಂ ಬಸ್ಸಿನ ಕಿಟಕಿಯಲ್ಲಿ ಕಂಡದ್ದೆಲ್ಲ ಎಣಿಕೆಯ ಪಾಠವಾಯಿತು. ಪ್ರತಿ ಪಾಠದ ಕೆಳಗೆ ನನ್ನ ಹೆಸರು ಬರುತ್ತಿತ್ತು. ಬ್ಯಾಂಕಿನ ಕಾಗದಗಳನ್ನು ಬಿಟ್ಟರೆ ನನ್ನ ಹೆಸರನ್ನು ನಾಲ್ಕು ಜನ ಓದುತ್ತಿದ್ದದ್ದು ಅಲ್ಲಿ ಮಾತ್ರ. ಅದರ ಮೇಲೆ ನನಗೆ ಆಸೆಯಿತ್ತು, ಸುಳ್ಳೇಕೆ ಹೇಳಲಿ.

ಅಕ್ಕನಿಗೆ ವಿಜಯವಾಡಕ್ಕೆ ವರ್ಗವಾಯಿತು. ಕೆಲವು ತಿಂಗಳಾದ ಮೇಲೆ ಒಂದು ದಿನ ನನ್ನ ಪಾಸ್‌ವರ್ಡ್ ನಡೆಯಲಿಲ್ಲ. ಫೋನ್ ಮಾಡಿದೆ. “ಸೈಟ್ ರಿಪೇರಿ ಮಾಡಿಸ್ತಿದೀನಿ ಕಣೆ, ಸ್ವಲ್ಪ ತಡಿ” ಎಂದರು. ತಡೆದೆ. ಪೆದ್ದಿಯ ಹಾಗೆ ಎರಡು ತಿಂಗಳು ತಡೆದೆ.

ಅಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಬಂದಳು. ಅವಳ ಗಂಡನದೂ ಬ್ಯಾಂಕ್ ಕೆಲಸ. ಒಂದು ಸಂಜೆ ಫೋನ್ ಹಿಡಿದು ಬಂದು, “ವೈನಿ, ಇದನ್ನ ನೋಡೀರೇನು? ವಿಜಯವಾಡದಾಗ ಒಬ್ಬ ಅಕ್ಕಾರು ಹುಡುಗರಿಗೆ ಎಷ್ಟ್ ಚಂದ ಪಾಠ ಬರದಾರ! ನಿಮ್ಮ ಮಗಳಿಗೂ ಹಚ್ಚರಿ” ಎಂದಳು. ತೆರೆಯ ಮೇಲೆ ನನ್ನ ಋಷಿಕೊಂಡ. ಕೆಳಗೆ ಅಕ್ಕನ ಹೆಸರು. ಒಂದರ ಕೆಳಗಲ್ಲ, ಎಲ್ಲದರ ಕೆಳಗೂ. ಆದರೂ ಅಕ್ಕನನ್ನು ಕೇಳದೆ ಅವರ ಮೇಲೆ ಮಾತು ತರಬಾರದೆಂದು ಬಾಯಿ ಮುಚ್ಚಿಕೊಂಡೆ. “ಹೌದ, ಚಂದ ಅದಾವ” ಎಂದೆ.

ರಜೆ ಹಾಕಿ ವಿಜಯವಾಡದ ರೈಲು ಹತ್ತಿದೆ. ಆಟೋನಗರ್ ಹತ್ತಿರ ಅವರ ಮನೆ. ಅಕ್ಕ ನಗುನಗುತ್ತಾ ಬಾಗಿಲು ತೆಗೆದು ಕಾಫಿ ಕೊಟ್ಟರು. ಹೆಸರಿನ ವಿಷಯ ಎತ್ತಿದಾಗ ಕಣ್ಣು ಕೂಡ ಮಿಟುಕಿಸದೆ, “ಅಯ್ಯೋ, ಏನೋ ಅಪ್‌ಡೇಟ್ ಆಯ್ತು ಕಣೆ. ಹಳೇ ಹೆಸರನ್ನೆಲ್ಲ ಅದೇ ತೆಗೆದುಹಾಕ್ಬಿಟ್ಟಿದೆ” ಎಂದರು.

ನನಗೆ ಮೈ ಉರಿದುಹೋಯಿತು. “ಅದು ತಾನಾಗೇ ತಗಿಯೂದಿಲ್ಲ ಅಕ್ಕಾ. ಸೈಟಿನಿಂದ ಒಬ್ಬರನ್ನ ತಗೀಬೇಕಾದ್ರ ಕೇಳ್ತದ, ಇವರು ಬರದದ್ದನ್ನ ಅಳಸಲೋ, ಬ್ಯಾರೆಯವರ ಹೆಸರಿಗೆ ಹಚ್ಚಲೋ ಅಂತ. ಶುರು ಮಾಡಿದಾಗ ಒಂದು ಸುಳ್ಳು ಹೆಸರು ಸೇರಿಸಿ, ತಗದು, ನಿಮಗ ನಾನೇ ತೋರಿಸಿದ್ದೆ.”

ಅಕ್ಕ ಲೋಟ ಕೆಳಗಿಟ್ಟರು. “ಇಲ್ಲಿ ಎಲ್ಲರೂ ನಂದೇ ಅಂತ ತಿಳ್ಕೊಂಡಿದಾರೆ. ಈಗ ಹೇಗೆ ಬದಲಾಯಿಸೋದು? ಪಾಠ ಮಕ್ಕಳಿಗೆ ತಲುಪಿದ್ರೆ ಸಾಕಲ್ವಾ?” ಎಂದರು. ಕದ್ದದ್ದನ್ನಾದರೂ ಕ್ಷಮಿಸುತ್ತಿದ್ದೆನೋ ಏನೋ. ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದರಲ್ಲ, ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ವಾಪಸು ಬಂದು ಬೇರೆ ವೆಬ್‌ಸೈಟ್ ತೆರೆದೆ. ಈ ಸಲ ಬರೆಯುವವಳೂ ನಾನೇ, ಒಪ್ಪುವವಳೂ ನಾನೇ. ಪಾಠಗಳನ್ನೆಲ್ಲ ನನ್ನ ಹೆಸರಿನಲ್ಲಿ ಹಾಕಿ, ಮೊದಲು ಹುಬ್ಬಳ್ಳಿಯವಳಿಗೇ ಕಳಿಸಿದೆ. ಮರುದಿನ ಲಿಫ್ಟಿನ ಹತ್ತಿರ ಸಿಕ್ಕವಳು ಆಚೀಚೆ ನೋಡಿ ದನಿ ತಗ್ಗಿಸಿದಳು.

“ತಪ್ಪು ತಿಳ್ಕೋಬ್ಯಾಡ್ರಿ ವೈನಿ. ಆ ಅಕ್ಕಾರ ಪಾಠ ಹಂಗಂದ್ರ ಹಂಗ ಎತ್ತಿ ಹಾಕೀರಿ. ಅವರನ್ನ ಒಂದ್ ಮಾತು ಕೇಳಬೇಕಿತ್ತು ನೋಡ್ರಿ.”