ಕಿಟಕಿಗೊಂದು ಎಣಿಕೆ, ಕೋಣೆಗೊಂದು ಎಣಿಕೆ

ಧಾರವಾಡದಲ್ಲಿ ಆ ಕಾಲಕ್ಕೆ ಫೋಟೋ ತೆಗೆಯುವವರು ನಾಲ್ಕೈದು ಮಂದಿ ಇದ್ದರು. ಅವರಲ್ಲಿ ಪಂಢರಿನಾಥನ ಹತ್ತಿರ ಹೋಗಲು ಮಾತ್ರ ಜನ ಹಿಂದೆಮುಂದೆ ನೋಡುತ್ತಿದ್ದರು. ಕೆಲಸ ಕೆಟ್ಟದ್ದೆಂದಲ್ಲ. ತನಗೆ ಸರಿ ಅನ್ನಿಸುವ ತನಕ ಈ ಮನುಷ್ಯ ಯಾರನ್ನೂ ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ. ಒಬ್ಬ ಮದುಮಗನನ್ನು ಮುಹೂರ್ತ ಮೀರುವ ತನಕ ಕೂರಿಸಿಕೊಂಡಿದ್ದ ಎಂದು ಊರವರು ಹೇಳುತ್ತಿದ್ದರು. ಅದು ಸುಳ್ಳು, ಇನ್ನೂ ಕಾಲು ತಾಸು ಬಾಕಿ ಇತ್ತು.

೧೯೩೬ರ ಚಳಿಗಾಲದಲ್ಲಿ ಮದಿಹಾಳದ ಶಿವಲಿಂಗವ್ವ ಅವನ ಅಂಗಡಿಗೆ ಬಂದಳು. ಕಸೂತಿ ಹಾಕಿ ಬದುಕು ನಡೆಸುತ್ತಿದ್ದ ವಿಧವೆ. ಮದುಮಗಳಿಗೆ ಉಡಿಸುವ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನ ಮೇಲೆ ಆನೆ, ಗೋಪುರ, ತುಳಸಿಕಟ್ಟೆ ಮೂಡಿಸಬೇಕೆಂದರೆ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಕಾಣಲು ಹಗಲಿನ ಬೆಳಕೇ ಆಗಬೇಕು, ಕಂದೀಲು ನಡೆಯುವುದಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂರೋಣವೆಂದರೆ, ಮದುಮಗಳ ಸೀರೆಗೆ ದಾರಿಹೋಕರ ದೃಷ್ಟಿ ತಾಗುತ್ತದೆಂದು ಯಾವ ಮನೆಯವರೂ ಒಪ್ಪುವುದಿಲ್ಲ. ಅವಳಿಗೆ ಇದ್ದದ್ದು ಒಂದು ಒಳಕೋಣೆ, ಅದಕ್ಕೆ ಇದ್ದದ್ದು ಒಂದು ಕಿಟಕಿ. ಆ ಕಿಟಕಿಯ ಎದುರಿಗೇ ಪಕ್ಕದ ಹತ್ತಿ ವ್ಯಾಪಾರಿ ಕುಬೇರಪ್ಪ ಗೋದಾಮಿನ ಗೋಡೆ ಎಬ್ಬಿಸುತ್ತಿದ್ದ.

ಅವಳು ಕೋರ್ಟಿಗೆ ಹೋಗಿ ಕೆಲಸ ನಿಲ್ಲಿಸಿದ್ದಳು, ಅದೂ ಮುಂದಿನ ತಾರೀಖಿನ ತನಕ ಮಾತ್ರ. ಆ ಕೋಣೆಯಲ್ಲಿ ಮೊದಲಿನಿಂದಲೂ ಕತ್ತಲೆಯೇ, ಅದು ಕಟ್ಟಿಗೆ ಒಟ್ಟುವ ಜಾಗ ಎಂದು ಕುಬೇರಪ್ಪನ ವಕೀಲರು ವಾದಿಸಿದ್ದರು.

“ರಾಯರ, ನನ್ನ ಕೋಣ್ಯಾಗಿನ ಬೆಳಕು ಕೋರ್ಟಿಗೆ ತೋರಸಬೇಕ್ರಿ,” ಎಂದಳು ಶಿವಲಿಂಗವ್ವ. “ಆ ಖಿಡಕಿ ಮುಚ್ಚಿದ್ರ ನನ್ನ ಕೈ ಕಡದಂಗ ಆಗತೈತಿ.”

“ತೋರಸೋಣಂತ. ಅದೇನ್ ದೊಡ್ಡ ಕೆಲಸ!” ಎಂದ ಪಂಢರಿನಾಥ.

ದೊಡ್ಡ ಕೆಲಸವೇ ಆಗಿತ್ತು. ಕೋಣೆ ಕಾಣಲೆಂದು ಹೆಚ್ಚು ಹೊತ್ತು ಲೆನ್ಸು ತೆರೆದಿಟ್ಟರೆ ಕಿಟಕಿ ಬರೀ ಬಿಳಿಯ ಕಲೆಯಾಯಿತು. ಹೊರಗಿನ ಗೋಡೆ ಮಾಯ, ಬೆಳಕು ಚೌಕಟ್ಟು ದಾಟಿ ಒಳಗೆಲ್ಲ ಚೆಲ್ಲಿತು. ಗೋಡೆ ಕಾಣಲೆಂದು ಬೇಗ ಮುಚ್ಚಿದರೆ ಕಿಟಕಿಯೇನೋ ಸ್ವಚ್ಛ ಬಂತು, ಕೋಣೆ ಮಾತ್ರ ಇದ್ದಿಲು. ಕುಬೇರಪ್ಪನ ವಕೀಲರು ಹೇಳಿದ ಕತ್ತಲಕೋಣೆಗೆ ತಾನೇ ಸಾಕ್ಷಿ ಹೇಳಿದಂತಿತ್ತು. ಕೊನೆಗೆ ಚಿತ್ರ ಮೂಡಿದ ಆ ಎರಡೂ ಗಾಜಿನ ಪ್ಲೇಟುಗಳನ್ನು ಒಂದೇ ಕಾಗದದ ಮೇಲೆ ಕೂಡಿಸಿ ಅಚ್ಚು ತೆಗೆದ, ಒಂದರಿಂದ ಕಿಟಕಿ, ಇನ್ನೊಂದರಿಂದ ಕೋಣೆ. ಸ್ಟುಡಿಯೋದಲ್ಲಿ ಗಿರಾಕಿಗಳನ್ನು ಪರದೆಯ ಮೇಲೆ ಬರೆದ ಅರಮನೆಯ ಮುಂದೆ ನಿಲ್ಲಿಸಿ ತೋರಿಸುವವನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಫೋಟೋ ನೋಡಿ ತಾನೇ ಖುಷಿಪಟ್ಟ.

ಆ ಖುಷಿ ಸಾಕ್ಷಿಕಟ್ಟೆ ಹತ್ತುವ ತನಕ ಇತ್ತು.

“ಇದು ಎಷ್ಟು ಪ್ಲೇಟಿನ ಫೋಟೋರಿ?” ಎಂದು ಕೇಳಿದರು ಕುಬೇರಪ್ಪನ ವಕೀಲರು.

ಶಿವಲಿಂಗವ್ವನ ವಕೀಲರು ಅವನತ್ತ ಕಣ್ಣು ಮಿಟುಕಿಸಿದರು. ಪ್ರಮಾಣ ಮಾಡಿ ನಿಂತ ಪಂಢರಿನಾಥನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

“ಎರಡರಿ,” ಎಂದ.

“ಅಂದ್ರ ಇಂಥಾ ನೋಟ ಒಂದ ಹೊತ್ತಿನ್ಯಾಗ ಎಲ್ಲೂ ಇದ್ದಿದ್ದಿಲ್ಲ. ಛಲೋ ಆತು, ಕೂತ್ಕೋರಿ.”

ಕೋರ್ಟು ನಕ್ಕಿತು, ಫೋಟೋ ಬದಿಗೆ ಸರಿಯಿತು. ಎಂಟು ದಿನದ ಮುಂದಿನ ತಾರೀಖು ಬಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ ಶಿವಲಿಂಗವ್ವನ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

“ಖರೇ ಹೇಳಿದ್ರಿ, ಅದಕ್ಕ ನನಗ ಸಿಟ್ಟಿಲ್ಲರಿ,” ಎಂದಳು ಅವಳು. “ಆದ್ರ ನನ್ನ ಕೋಣಿ ಹೋತ್ರಿ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಈ ಮಾತು ಅವನನ್ನು ಸುಟ್ಟಿತು. ಮನೆಗೆ ಬಂದವನೇ ಹೆಂಡತಿ ಸುಲಭಾಗೆ, “ಒಂದ ಪ್ಲೇಟಿನ್ಯಾಗ ತಗೀತೀನಿ. ಅಲ್ಲೀ ತನಕಾ ಸ್ಟುಡಿಯೋ ಬಾಗಲಾ ತಗಿಯೂದಿಲ್ಲ,” ಎಂದ. ಸುಲಭಾ ಈ ಹಟವನ್ನು ಹದಿನೈದು ವರ್ಷದಿಂದ ನೋಡುತ್ತ ಬಂದಿದ್ದಳು. ಏನು ಬೇಕು ಎಂದಷ್ಟೇ ಕೇಳಿದಳು. ಬೇಕಾದದ್ದು ಬೆಲ್ಲದ ಪಾಕ ಮತ್ತು ದೀಪದ ಮಸಿ. ಎರಡನ್ನೂ ಕಲಸಿ ಪ್ಲೇಟಿನ ಬೆನ್ನಿಗೆ ಬಳಿದರೆ ಬೆಳಕು ಗಾಜಿನೊಳಗೆ ತಿರುಗಿ ಚೆಲ್ಲುವುದಿಲ್ಲ. ಮೊದಲನೇ ದಿನ ಪ್ಲೇಟಿಗೆ ಇರುವೆ ಮುತ್ತಿದವು. ಆಮೇಲೆ ಸುಲಭಾ ಪ್ಲೇಟಿನ ಪೆಟ್ಟಿಗೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಳು.

ಉಳಿದದ್ದು ಕಿಟಕಿ. ಅದನ್ನು ಮುಚ್ಚುವಂತಿಲ್ಲ, ಕೋಣೆಗೆ ಬೆಳಕು ಬರುವುದೇ ಅಲ್ಲಿಂದ. ಹಾಗಾದರೆ ಪ್ಲೇಟಿನ ಕಣ್ಣಿಗಷ್ಟೇ ಮುಚ್ಚಬೇಕು. ಪಂಢರಿನಾಥ ಕಪ್ಪು ರಟ್ಟನ್ನು ಕಿಟಕಿಯ ಆಕಾರಕ್ಕೆ ಕತ್ತರಿಸಿ ತಂತಿಗೆ ಸಿಕ್ಕಿಸಿದ. ಲೆನ್ಸಿನ ಮುಂದೆ ಗೇಣಿನ ದೂರದಲ್ಲಿ, ಕಿಟಕಿ ಮಾತ್ರ ಮರೆಯಾಗುವಂತೆ ಅದನ್ನು ಹಿಡಿದು, ಎರಡು ನಿಮಿಷ ಕೋಣೆಯನ್ನು ಪ್ಲೇಟಿಗೆ ಉಣಿಸುವುದು. ಕೊನೆಯ ಒಂದು ಕ್ಷಣ ರಟ್ಟು ಸರಿಸಿ ಕಿಟಕಿಯನ್ನೂ ಬಿಡುವುದು. ಹೊತ್ತು ಅಳೆಯಲು ಅವನಿಗೆ ಗಡಿಯಾರ ಬೇಕಿರಲಿಲ್ಲ, ಶಾಲೆಯಲ್ಲಿ ಕಲಿತ ಹತ್ತೊಂಬತ್ತರ ಮಗ್ಗಿ ಹೇಳಿಕೊಂಡರೆ ಸಾಕಿತ್ತು.

ಐದು ದಿನ ಮದಿಹಾಳಕ್ಕೆ ನಡೆದ. ಒಮ್ಮೆ ರಟ್ಟನ್ನು ಕದಲಿಸದೆ ಹಿಡಿದ, ಕಿಟಕಿಯ ಸುತ್ತ ಸೂತಕದ ಪತ್ರದಂತೆ ಕರಿ ಅಂಚು ಬಂತು. ರಟ್ಟನ್ನು ಸಣ್ಣಗೆ ಅಲುಗಾಡಿಸುತ್ತಲೇ ಇರಬೇಕೆಂದು ಆಗ ತಿಳಿಯಿತು. ಒಮ್ಮೆ ಮಗ್ಗಿ ತಪ್ಪಿತು. ಸೂಜಿ ಹಿಡಿದ ಶಿವಲಿಂಗವ್ವ ಆ ಎರಡು ನಿಮಿಷ ಕಲ್ಲಾಗಿ ಕೂತಿರುತ್ತಿದ್ದಳು. ಎಂಟನೇ ಪ್ಲೇಟಿನಲ್ಲಿ ಎಲ್ಲವೂ ಬಂತು: ಹೊರಗಿನ ಅರೆಗೋಡೆ, ಒಳಗಿನ ತಾಮ್ರದ ಕೊಡಗಳು, ಕಪ್ಪು ಸೆರಗಿನ ಮೇಲೆ ಬಿಳಿಯ ದಾರ.

ತಾರೀಖಿನ ದಿನ ಕುಬೇರಪ್ಪನ ವಕೀಲರು ನಗುತ್ತಲೇ ಎದ್ದರು. “ಈ ಸಲ ಎಷ್ಟು ಪ್ಲೇಟರಿ?”

“ಒಂದರಿ.” ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಪಂಢರಿನಾಥ ಕೋಟಿನ ಕಿಸೆಯಿಂದ ರಟ್ಟು ತೆಗೆದು ಮೇಜಿನ ಮೇಲಿಟ್ಟ. “ಇದನ್ನ ಖಿಡಕಿಗೆ ಅಡ್ಡ ಹಿಡದಿದ್ದೆ.”

ಶಿವಲಿಂಗವ್ವನ ವಕೀಲರು ಹಣೆಗೆ ಕೈ ಹಚ್ಚಿಕೊಂಡರು. ಎದುರಿನವರು ಕುಣಿದಾಡಿದರು, ಇದೂ ಕೈಚಳಕವೇ ಎಂದರು. ಪಂಢರಿನಾಥ ಅವರ ಕಡೆ ನೋಡದೆ ಜಡ್ಜ್ ಸಾಹೇಬರತ್ತ ತಿರುಗಿದ.

“ಸಾಹೇಬ್ರ, ಆ ಖಿಡಕಿ ಕಡೆ ನೋಡ್ರಿ. ಹೊರಗಿನ ಬೇವಿನ ಎಲಿ ಕಾಣಸ್ತಾವ. ಖಿಡಕಿ ಕೆಳಗ ಕೂತ ಶಿರಸ್ತೇದಾರರ ಮಾರಿನೂ ಕಾಣಸ್ತದ. ನಿಮ್ಮ ಕಣ್ಣು ಎರಡೂ ಸಂಭಾಳಸ್ತದ, ನನ್ನ ಪ್ಲೇಟಿಗೆ ಅಷ್ಟು ತಾಕತ್ತಿಲ್ಲ. ಸುಮ್ನ ತಗದ್ರ ಇಲ್ಲಾ ಬೇವು ಹೋಗ್ತದ, ಇಲ್ಲಾ ಶಿರಸ್ತೇದಾರರು ಹೋಗ್ತಾರ. ಆ ಫೋಟೋ ನೋಡಿ ಇವತ್ತ ಅವರು ಕಚೇರಿಗೇ ಬಂದಿಲ್ಲಂತ ಬರೀತೀರೇನ್ರಿ?”

ಕಚೇರಿ ಗೊಳ್ಳೆಂದು ನಕ್ಕಿತು. ಸಾಹೇಬರು ನಗಲಿಲ್ಲ. ಕಿಟಕಿ ನೋಡಿದರು, ಶಿರಸ್ತೇದಾರರನ್ನು ನೋಡಿದರು.

“ಮಾತು ಸಾಕು,” ಎಂದರು. “ಕ್ಯಾಮೆರಾ ತರ್ರಿ. ರಟ್ಟು ಹಿಡದು ಒಂದು, ರಟ್ಟು ಇಲ್ದ ಒಂದು, ಇಲ್ಲೇ ತಗೀರಿ. ನಾ ಹೋಲಿಸಿ ನೋಡ್ತೇನಿ.”

ಮಧ್ಯಾಹ್ನ ಕ್ಯಾಮೆರಾ ಬಂತು, ಕಚೇರಿಯ ಕಿಟಕಿಗೆ ತಕ್ಕ ಹೊಸ ರಟ್ಟೂ ಬಂತು. ಎದುರಿನ ವಕೀಲರು ಪಕ್ಕದಲ್ಲೇ ಕಾವಲು ನಿಂತರು. ಶಿರಸ್ತೇದಾರರು ಎರಡು ನಿಮಿಷ ನಶ್ಯವಿಲ್ಲದೆ ಕೂರಬೇಕಾಯಿತು, ಅವರ ಸರ್ವೀಸಿನಲ್ಲೇ ಅದು ಮೊದಲ ಸಲವಂತೆ. ತಪ್ಪಿದರೆ ಇನ್ನೊಂದು ಸಲ ಇಲ್ಲ. ತಂತಿ ಹಿಡಿದ ಪಂಢರಿನಾಥನ ಮಗ್ಗಿ ಎಲ್ಲಿಯೂ ತೊದಲಲಿಲ್ಲ.

ಮರುದಿನ ಎರಡು ಫೋಟೋ ಸಾಹೇಬರ ಮುಂದಿದ್ದವು. ಒಂದರಲ್ಲಿ ಬೇವು ಇತ್ತು, ಅದರ ಕೆಳಗೆ ರುಮಾಲು ಸುತ್ತಿದ ಒಂದು ಕರಿ ಮುದ್ದೆ. ಇನ್ನೊಂದರಲ್ಲಿ ಬೇವೂ ಇತ್ತು, ಶಿರಸ್ತೇದಾರರ ಹಣೆಯ ಗಂಧವೂ ಇತ್ತು. ಸಾಹೇಬರು ಬಹಳ ಹೊತ್ತು ನೋಡಿ, ಎರಡನೆಯದರ ಮೇಲೆ ಬೆರಳಿಟ್ಟು, “ನಾ ದಿನಾ ನೋಡೂದು ಇದು,” ಎಂದರು. ಅದೇ ವಾರ ತಾವೇ ಮದಿಹಾಳಕ್ಕೆ ಹೋಗಿ ಕೋಣೆ ನೋಡಿ ಬಂದರು. ಗೋಡೆ ಕಿಟಕಿಯ ಕಟ್ಟೆಗಿಂತ ಮೇಲೇಳಬಾರದೆಂದು ಹುಕುಮ್ ಆಯಿತು. ಕುಬೇರಪ್ಪ ಗೌಂಡಿಗಳನ್ನು ಕರೆಸಿ ಹೆಚ್ಚಿನ ಎರಡು ಸಾಲು ತೆಗೆಸಿದ.

ಸುದ್ದಿ ಕೇಳಿದ ಪಂಢರಿನಾಥ ಟಾಂಗಾ ಮಾಡಿಕೊಂಡು ಮದಿಹಾಳಕ್ಕೆ ಓಡಿದ. ಶಿವಲಿಂಗವ್ವ ಅಳಬಹುದು, ಕೈ ಮುಗಿಯಬಹುದು, ಆಗ ತಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಒಳಕೋಣೆಗೆ ಹೋದರೆ ಅವಳು ತಲೆ ಬಗ್ಗಿಸಿ ಚಂದ್ರಕಾಳಿಯ ಸೆರಗಿನ ಮೇಲೆ ಎಳೆ ಎಣಿಸುತ್ತಿದ್ದಳು. ಅವನು ಕಿಟಕಿಯ ಹತ್ತಿರ ನಿಂತು ಮಾತು ಹುಡುಕುತ್ತಿರುವಾಗ ಅವಳೇ ತಲೆ ಎತ್ತದೆ ಹೇಳಿದಳು:

“ರಾಯರ, ತಪ್ಪ ತಿಳೀಬ್ಯಾಡ್ರಿ. ಬೆಳಕಿಗೆ ಅಡ್ಡ ನಿಂತೀರಿ, ಒಂಚೂರು ಸರೀರಿ.”

ಪಂಢರಿನಾಥ ಲಗುಬಗೆಯಿಂದ ಸರಿದು ನಿಂತ.